ಹಿಂದಿನ ಬಾಗಿಲಿನ ಗಾಜು ಏರದಿದ್ದಾಗ



ಕಿಟಕಿಗೆ ಸಂಸ್ಕೃತದಲ್ಲಿ ಗವಾಕ್ಷವೆಂಬ ಹೆಸರುಂಟು. ಗೋವಿನ ಕಣ್ಣು ಎಂಬುದು ಆ ಪದದ ಮೂಲಾರ್ಥ. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿದವರು ಅಲ್ಲಿನ ಕಂಬಗಳ ನಡುವೆ ನಿಲ್ಲಿಸಿರುವ ಕಲ್ಲಿನ ಜಾಲಂಧ್ರಗಳನ್ನು ಮರೆಯಲಾರರು. 1121ರ ಸುಮಾರಿಗೆ ಆರಂಭವಾಗಿ, 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಯಲ್ಲಿ ಜಾಲಂಧ್ರಗಳು ಇಂದಿಗೂ ಗಾಳಿಬೆಳಕುಗಳನ್ನು ಒಳಗೆ ಬಿಡುತ್ತಿವೆ. ಅವುಗಳಲ್ಲಿ ಚಲಿಸುವ ಭಾಗವೊಂದೂ ಇಲ್ಲವಾದ್ದರಿಂದ ಕೆಟ್ಟು ನಿಲ್ಲುವ ಪ್ರಸಂಗವೂ ಇಲ್ಲ. ವಾಹನದ ಕಿಟಕಿಯಾದರೋ ತೆರೆಯಲೂಬೇಕು, ಮುಚ್ಚಲೂಬೇಕು. ಚಲನೆಯುಳ್ಳದ್ದು ಸವೆಯುವುದು ಸಹಜ. ಹೀಗೆ ಸವೆದು ನಿಂತ ಒಂದು ಗಾಜಿನ ವಿಚಾರವನ್ನು ಈ ಸಲ ತಮ್ಮ ಮುಂದಿಡುತ್ತಿದ್ದೇನೆ. ಹಳೆಯ ವಾಹನಗಳನ್ನು ಜತನದಿಂದ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಾಗಿರುವುದರಿಂದ ಇದು ಹಲವರಿಗೆ ಪ್ರಯೋಜನಕ್ಕೆ ಬಂದೀತೆಂಬ ನಂಬಿಕೆ ನನ್ನದು.

ನಮ್ಮ ಮನೆಯ ಕಾರು 2006ರದು. ಕಳೆದ ಆಷಾಢದಲ್ಲಿ ನಮ್ಮ ತಾಯಿಯವರಿಗೆ ಹಾಸನದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಮತ್ತೆ ಪರೀಕ್ಷೆಗೆ ಹೋಗಬೇಕಾದ ದಿನದ ಹಿಂದಿನ ಮಧ್ಯಾಹ್ನ, ಅವರು ಕೂರುವ ಹಿಂದಿನ ಎಡಬಾಗಿಲಿನ ಗಾಜು ನಾಲ್ಕು ಬೆರಳಷ್ಟು ತೆರೆದುಕೊಂಡು ನಿಂತುಬಿಟ್ಟಿತು. ಹಳೇಬೀಡಿನಿಂದ ಹಾಸನಕ್ಕೆ ಸುಮಾರು 30 ಕಿ.ಮೀ. ದೂರ. ಕಣ್ಣಿಗೆ ಗಾಳಿ, ಧೂಳು, ಮಳೆನೀರು ಸೋಕಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಪೇಟೆಯ ಗ್ಯಾರೇಜೊಂದರಲ್ಲಿ ವಿಚಾರಿಸಲಾಗಿ, ‘ಮೋಟಾರು ಸುಟ್ಟಿದೆ, ಮಷಿನ್ ಸಮೇತ ಬದಲಾಯಿಸಬೇಕು, ಮೂರೂವರೆ ಸಾವಿರವಾಗುತ್ತದೆ, ಸಾಮಾನು ಬರಲು ಮೂರು ದಿನ ಬೇಕು’ ಎಂಬ ಉತ್ತರ ಬಂತು. ಬಾಗಿಲನ್ನು ಬಿಚ್ಚಿ ನೋಡದೆಯೇ ಕೊಟ್ಟ ತೀರ್ಮಾನವದು. ಹಣದ ಮಾತು ಹಾಗಿರಲಿ, ನಮ್ಮಲ್ಲಿ ಮೂರು ದಿನಗಳ ಅವಕಾಶವೇ ಇರಲಿಲ್ಲ.

ಆದ್ದರಿಂದ ಮೊದಲು ಇದರ ರಚನೆಯನ್ನು ತಿಳಿಯೋಣ. ಬಾಗಿಲಿನ ಒಳಗೆ ಒಂದು ಪುಟ್ಟ ಮೋಟಾರು ಇರುತ್ತದೆ. ಅದು ತಿರುಗಿದಾಗ, ಗ್ಯಾರೇಜಿನವರು ಮಷಿನ್ ಎಂದು ಕರೆಯುವ ಕತ್ತರಿಯಾಕಾರದ ತೋಳಾಗಲಿ ಉಕ್ಕಿನ ಕೇಬಲ್ಲಾಗಲಿ ಗಾಜನ್ನು ಎತ್ತುತ್ತದೆ, ಇಳಿಸುತ್ತದೆ. ಗಾಜಿನ ಎರಡು ಅಂಚುಗಳು ರಬ್ಬರ್ ಕಾಲುವೆಗಳಲ್ಲಿ ಜಾರುತ್ತವೆ. ಮೋಟಾರಿಗೆ ಬರುವ ತಂತಿಗಳು ಎರಡೇ. ಒಂದರಲ್ಲಿ 12 ವೋಲ್ಟಿನ ವಿದ್ಯುತ್ತು ಹೊಕ್ಕು ಇನ್ನೊಂದರಲ್ಲಿ ಹೊರಬಂದರೆ ಗಾಜು ಏರುತ್ತದೆ. ದಿಕ್ಕು ತಿರುಗುಮುರುಗಾದರೆ ಇಳಿಯುತ್ತದೆ. ನಮ್ಮದರಂತಹ ಅನೇಕ ಹಳೆಯ ವಾಹನಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಹಿಂದಿನ ಬಾಗಿಲಿನ ಸ್ವಿಚ್ಚನ್ನು ಒತ್ತಿದಾಗಲೂ ವಿದ್ಯುತ್ತು ಮರಳಿ ಹೋಗಬೇಕಾದದ್ದು ಚಾಲಕನ ಬಾಗಿಲಿನಲ್ಲಿರುವ ಮುಖ್ಯ ಸ್ವಿಚ್ಚಿನ ಮೂಲಕವೇ. ಅಂದರೆ ಹಿಂದಿನ ಗಾಜು ಮುಂದಿನ ಸ್ವಿಚ್ಚಿನ ಹಂಗಿನಲ್ಲಿದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಹಳಗನ್ನಡ ಪದ್ಯವನ್ನು ಓದುವವರು ಮೊದಲು ಪದಗಳನ್ನು ಬಿಡಿಸಿ, ಅನ್ವಯ ಮಾಡಿಕೊಂಡು, ಆಮೇಲೆ ತಾತ್ಪರ್ಯಕ್ಕೆ ಹೋಗುತ್ತಾರಷ್ಟೆ. ಇಲ್ಲಿಯೂ ಕ್ರಮ ಅದೇ. ಉಳಿದ ಮೂರು ಗಾಜುಗಳು ಆಡುತ್ತಿವೆಯೇ ಎಂಬುದು ಮೊದಲ ಪ್ರಶ್ನೆ. ನಾಲ್ಕೂ ನಿಂತಿದ್ದರೆ ಫ್ಯೂಸನ್ನು ನೋಡಬೇಕು. ನಮ್ಮಲ್ಲಿ ಮೂರು ಆಡುತ್ತಿದ್ದವು, ಫ್ಯೂಸ್ ಒಂದೇ ಆದ್ದರಿಂದ ಆ ಸಂಶಯ ನಿವಾರಣೆಯಾಯಿತು. ಚಾಲಕನ ಬಳಿಯ ಲಾಕ್ ಗುಂಡಿ ಒತ್ತಿಕೊಂಡಿದೆಯೇ ಎಂಬುದು ಎರಡನೆಯದು. ಮಕ್ಕಳು ಗಾಜಿನೊಡನೆ ಆಟವಾಡದಿರಲೆಂದು ಇಟ್ಟಿರುವ ಈ ಗುಂಡಿ ಕೈತಾಗಿ ಒತ್ತಿಹೋದರೆ ಹಿಂದಿನ ಸ್ವಿಚ್ಚುಗಳು ಕೆಲಸ ಮಾಡವು. ಅದೂ ಬಿಟ್ಟೇ ಇತ್ತು. ಮೂರನೆಯದಾಗಿ, ಒಳಗಿನ ದೀಪವನ್ನು ಹಚ್ಚಿ ಸ್ವಿಚ್ಚನ್ನು ಒತ್ತಿ ನೋಡಬೇಕು. ದೀಪ ತುಸು ಮಂಕಾದರೆ ವಿದ್ಯುತ್ತು ಮೋಟಾರನ್ನು ಮುಟ್ಟುತ್ತಿದೆ, ಗಾಜೋ ಮಷಿನ್ನೋ ಬಿಗಿದಿದೆ ಎಂದರ್ಥ. ದೀಪ ಕದಲದಿದ್ದರೆ ದಾರಿಯಲ್ಲೆಲ್ಲೋ ಕಡಿತವಿದೆ ಎಂದು ಊಹಿಸಬಹುದು. ನಮ್ಮ ದೀಪ ಕದಲಲಿಲ್ಲ.

ಸಂಜೆ ಊರಿನ ವಾಹನ ವಿದ್ಯುತ್ ಕೆಲಸದ ಹಿರಿಯರೊಬ್ಬರು ಮನೆಗೆ ಬಂದರು. ಚಾಲಕನ ಸ್ವಿಚ್ಚಿನಿಂದ ಗಾಜು ಏರಲೂ ಇಲ್ಲ, ಇಳಿಯಲೂ ಇಲ್ಲ. ಆ ಬಳಿಕ ಅವರು ಹಿಂದಿನ ಬಾಗಿಲಿನ ಸ್ವಿಚ್ಚನ್ನು ಏರಿಸುವ ಕಡೆಗೆ ಒತ್ತಿದರು, ಏನೂ ಆಗಲಿಲ್ಲ. ಇಳಿಸುವ ಕಡೆಗೆ ಕ್ಷಣಮಾತ್ರ ಒತ್ತಿದರು, ಗಾಜು ಒಂದು ಬೆರಳು ಕೆಳಗಿಳಿಯಿತು. ನನಗೆ ಗಾಬರಿಯಾಯಿತು, ಅವರಿಗೆ ಸಂತೋಷವಾಯಿತು.

‘ಮೋಟ್ರು ಸುಟ್ಟಿದೆ ಅಂದೋರು ಯಾರು ಮೇಷ್ಟ್ರೇ? ಸುಟ್ಟಿದ್ರೆ ಇಳೀತಿತ್ತಾ? ಹೋಗೋ ದಾರಿ ಸರಿಯಾಗಿದೆ, ವಾಪಸ್ ಬರೋ ದಾರಿ ಕಡಿದೋಗಿದೆ’ ಎಂದರು.

ಈ ಮಾತನ್ನು ಬಿಡಿಸಿ ನೋಡಬೇಕು. ಮೋಟಾರಿನ ಎರಡೂ ತಂತಿಗಳ ದಾರಿ ಮುಖ್ಯ ಸ್ವಿಚ್ಚಿಗೆ ಹೋಗುತ್ತದೆಯಷ್ಟೆ. ಆ ಎರಡರಲ್ಲಿ ಒಂದು ತುಂಡಾದರೆ ಚಾಲಕನ ಸ್ವಿಚ್ಚಿನಿಂದ ಎರಡೂ ದಿಕ್ಕು ನಿಲ್ಲುತ್ತವೆ. ಹಿಂದಿನ ಸ್ವಿಚ್ಚಿಗೆ ಮಾತ್ರ ವಿದ್ಯುತ್ತು ಬೇರೆಯೇ ಒಂದು ತಂತಿಯಲ್ಲಿ ಬರುತ್ತದೆ. ಅದು ಮರಳುವಾಗ ತುಂಡಾದ ತಂತಿಯನ್ನು ಹಿಡಿಯಬೇಕಾದ ದಿಕ್ಕಿನಲ್ಲಿ ಗಾಜು ನಿಲ್ಲುತ್ತದೆ, ಸರಿಯಾಗಿರುವ ತಂತಿಯನ್ನು ಹಿಡಿಯುವ ದಿಕ್ಕಿನಲ್ಲಿ ಚಲಿಸುತ್ತದೆ. ಒಂದು ದಿಕ್ಕಿನಲ್ಲಿ ಸರಾಗವಾಗಿ ತಿರುಗುವ ಮೋಟಾರು ಇನ್ನೊಂದು ದಿಕ್ಕಿಗೆ ಮಾತ್ರ ಸುಟ್ಟಿರುವುದು ಹೇಗೆ ಸಾಧ್ಯ? ಲಕ್ಷಣವನ್ನು ಪೂರ್ತಿ ಕೇಳದೆ ಹೇಳಿದ ತಾತ್ಪರ್ಯ ಎಲ್ಲಿ ತಪ್ಪುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಕಡಿತ ಎಲ್ಲಿರಬಹುದು? ಮುಖ್ಯ ಸ್ವಿಚ್ಚಿನ ಒಳಗೆ ಕಿಲುಬು ಹಿಡಿದಿದ್ದರೂ ಲಕ್ಷಣ ಇದೇ ಆಗಿರುತ್ತದೆ. ಆದರೆ ಹೆಚ್ಚು ಸಂಶಯಪಡಬೇಕಾದ ಸ್ಥಳ, ಕಂಬದಿಂದ ಬಾಗಿಲಿಗೆ ತಂತಿಗಳು ದಾಟುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆ. ಬಾಗಿಲು ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ತಂತಿ ಅಲ್ಲಿ ಬಾಗುತ್ತದೆ. ಎಷ್ಟೋ ವರ್ಷ ಹೀಗೆ ಬಾಗಿದ ಮೇಲೆ ಹೊರಗಿನ ಹೊದಿಕೆ ಹಾಗೆಯೇ ಇದ್ದು ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಅವರ ಸೂಚನೆಯಂತೆ ನಾನು ಸ್ವಿಚ್ಚನ್ನು ಏರಿಸುವ ಕಡೆಗೆ ಒತ್ತಿ ಹಿಡಿದೆ. ಅವರು ಬಾಗಿಲನ್ನು ಅರ್ಧ ತೆರೆದು ಕೊಳವೆಯನ್ನು ಮೆಲ್ಲಗೆ ಹಿಸುಕಿ ಆಡಿಸಿದರು. ಗಾಜು ತಟಕ್ಕನೆ ಒಂದಿಷ್ಟು ಏರಿ ನಿಂತಿತು. ಕೊಳವೆಯನ್ನು ಕಳಚಿ ಎಳೆದಾಗ ಹೊದಿಕೆಯೊಳಗೆ ತುಂಡಾಗಿದ್ದ ತಂತಿ ಕೈಗೇ ಸಿಕ್ಕಿತು.

ಬ್ಯಾಟರಿಯ ಸಂಪರ್ಕವನ್ನು ತೆಗೆದು, ತುಂಡಾದ ಎರಡು ತುದಿಗಳ ನಡುವೆ ಒಂದು ಗೇಣು ಹೊಸ ತಂತಿಯನ್ನು ಸೇರಿಸಿ, ಬೆಸುಗೆ ಹಾಕಿ, ಮೇಲೆ ತೋಳು ಹೊದಿಸಿದರು. ಬೆಸುಗೆಯ ಗಂಟು ಬಾಗುವ ಜಾಗದಲ್ಲಿ ಬಿದ್ದರೆ ಮತ್ತೆ ಮುರಿಯುತ್ತದೆಂದು ಗಂಟುಗಳೆರಡನ್ನೂ ಕೊಳವೆಯ ಆಚೀಚೆಗೆ ಸರಿಸಿದರು. ಒಂದು ಗಂಟೆಯ ಕೆಲಸ. ಅವರು ಕೇಳಿದ್ದು 250 ರೂಪಾಯಿ. ಮರುದಿನ ಬೆಳಿಗ್ಗೆ ಜಾವಗಲ್ಲು ಕಡೆಯಿಂದ ಜಡಿಮಳೆ ಹಿಡಿದಿದ್ದರೂ ತಾಯಿಯವರು ಮುಚ್ಚಿದ ಗಾಜಿನ ಪಕ್ಕದಲ್ಲಿ ಕುಳಿತು ಹಾಸನಕ್ಕೆ ಹೋಗಿ ಬಂದರು.

ಎಲ್ಲ ವಾಹನಗಳಲ್ಲಿಯೂ ದೋಷ ಇದೇ ಆಗಿರಬೇಕೆಂದಿಲ್ಲ. ಮೋಟಾರು ಗುಂಯ್‌ಗುಡುತ್ತಿದ್ದು ಗಾಜು ಅಲುಗದಿದ್ದರೆ ಕೇಬಲ್ ಹರಿದಿರಬಹುದು, ಇಲ್ಲವೇ ಹಲ್ಲು ಸವೆದಿರಬಹುದು. ಗಾಜು ಓರೆಯಾಗಿ, ನಿಧಾನವಾಗಿ ಏರುತ್ತಿದ್ದರೆ ರಬ್ಬರ್ ಕಾಲುವೆಯಲ್ಲಿ ಧೂಳು ಗಟ್ಟಿಯಾಗಿದೆ. ಅದನ್ನು ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹಾಕಬೇಕು. ಇಂಜಿನ್ ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ಬಹಳ ಹೊತ್ತು ಸ್ವಿಚ್ಚನ್ನು ಒತ್ತಿ ಹಿಡಿದಾಗ ಮೋಟಾರು ಕಾದು ತಾನಾಗಿಯೇ ನಿಲ್ಲುವುದುಂಟು. ಕೆಲವು ನಿಮಿಷ ಬಿಟ್ಟು ನೋಡಿದರೆ ಮತ್ತೆ ತಿರುಗುತ್ತದೆ. ಹಲವು ಕಾರುಗಳಲ್ಲಿ ಹಿಂದಿನ ಗಾಜು ಪೂರ್ತಿ ಕೆಳಗಿಳಿಯುವುದೇ ಇಲ್ಲ. ಬಾಗಿಲಿನ ಕೆಳಭಾಗವನ್ನು ಚಕ್ರದ ಕಮಾನು ಆಕ್ರಮಿಸಿರುವುದೇ ಕಾರಣ, ಅದು ದೋಷವಲ್ಲ.

ಬಾಗಿಲನ್ನು ಬಿಚ್ಚುವವರು ಮೂರು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಮಷಿನ್ನಿಗೆ ಕೈಹಾಕುವ ಮುನ್ನ ಬ್ಯಾಟರಿಯ ಸಂಪರ್ಕ ತೆಗೆದಿರಬೇಕು, ಬೆರಳು ಸಿಕ್ಕಿದರೆ ಅನಾಹುತ. ಮೋಟಾರನ್ನು ಕಳಚುವಾಗ ಗಾಜು ಜಾರಿ ಬೀಳದಂತೆ ಮರದ ಬೆಣೆ ಕೊಡಬೇಕು. ಒಳಹಲಗೆಯ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸಬೇಕು, ಬಿಟ್ಟರೆ ಮಳೆನೀರು ಒಳಗೆ ಇಳಿಯುತ್ತದೆ. ಬಾಗಿಲಿನ ತಳದ ಸಣ್ಣ ರಂಧ್ರಗಳಲ್ಲಿ ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಅಲ್ಲಿ ನಿಂತ ನೀರೇ ಮೋಟಾರಿಗೆ ತುಕ್ಕು ಹಿಡಿಸುವುದು.

ಮುಚ್ಚಿಕೊಂಡೇ ನಿಂತ ಗಾಜನ್ನು ‘ಹೇಗಿದ್ದರೂ ಮುಚ್ಚಿದೆಯಲ್ಲ’ ಎಂದು ಉಪೇಕ್ಷಿಸುವವರೂ ಇದ್ದಾರೆ. 2023ರಲ್ಲಿ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಕಾರುಗಳು ಉರುಳಿ ಜೀವಹಾನಿಯಾದ ವಾರ್ತೆಗಳನ್ನು ನಾವೆಲ್ಲ ಓದಿದ್ದೇವೆ. ನಮ್ಮ ದಾರಿಗಳೂ ಕೆರೆಯ ಏರಿಗಳ ಮೇಲೆಯೇ ಸಾಗುತ್ತವೆ. ವಾಹನ ನೀರಿಗೆ ಬಿದ್ದಾಗ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದು ದುಸ್ತರ. ಆಗ ತಡಮಾಡದೆ ಇಳಿಸಬೇಕಾದದ್ದು ಕಿಟಕಿಯ ಗಾಜನ್ನೇ. ಆದಕಾರಣ ಹಿಂದಿನ ಸೀಟಿನಲ್ಲಿ ವೃದ್ಧರನ್ನೋ ಮಕ್ಕಳನ್ನೋ ಕರೆದೊಯ್ಯುವವರು ತಿಂಗಳಿಗೊಮ್ಮೆಯಾದರೂ ನಾಲ್ಕೂ ಗಾಜುಗಳನ್ನು ಎರಡೂ ಸ್ವಿಚ್ಚುಗಳಿಂದ ಏರಿಸಿ ಇಳಿಸಿ ನೋಡಬೇಕೆಂದು ವಿನಂತಿಸಿಕೊಳ್ಳುತ್ತೇನೆ. ಯಾವುದಾದರೊಂದು ತಡವರಿಸಿದರೆ, ಯಾವ ಸ್ವಿಚ್ಚಿನಿಂದ ಯಾವ ದಿಕ್ಕಿಗೆ ನಿಂತಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಿರಿ. ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ.