ಒಂದು ಸೆಕೆಂಡು ಎಲ್ಲಿ ಹೋಯಿತು?

ಐಷಾರಾಮಿ ಕಾರುಗಳಿಗೂ ನಿವೃತ್ತ ಪ್ರೌಢಶಾಲಾ ಶಿಕ್ಷಕನಿಗೂ ಏನು ಸಂಬಂಧ ಎಂದು ಓದುಗ ಮಿತ್ರರು ಕೇಳಬಹುದು. ಪ್ರಶ್ನೆ ಸಹಜವೇ. ಬಿ.ಎಡ್. ಮುಗಿಸಿ ಮೂರು ದಶಕಗಳ ಕಾಲ ಭೌತವಿಜ್ಞಾನ ಕಲಿಸಿದ ನನಗೆ ಸ್ವಂತ ಕಾರು ಎಂದೂ ಇರಲಿಲ್ಲ. ಆದರೆ ಕಾರಿನ ಬಾನೆಟ್ಟಿನ ಕೆಳಗೆ ನಡೆಯುವುದೆಲ್ಲವೂ ಕಪ್ಪುಹಲಗೆಯ ಮೇಲೆ ನಾನು ವರ್ಷವರ್ಷವೂ ಬರೆದು ಒರೆಸಿದ ಸೂತ್ರಗಳೇ. ಆ ಧೈರ್ಯದಿಂದ ಈ ಲೇಖನ.

2019ರ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯನ್ನು ಕರೆದುಕೊಂಡು ಮನೆಗೆ ಬಂದಿದ್ದ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಂದೆ ಹಾಸನ–ಮಂಗಳೂರು ದಾರಿಯಲ್ಲಿ ಬಹುಕಾಲ ಲಾರಿ ಓಡಿಸಿದವರು. ಮಗನ ಓದಿನ ಖರ್ಚೆಲ್ಲ ಶಿರಾಡಿ ಘಾಟಿಯ ತಿರುವುಗಳಲ್ಲಿ ದುಡಿದು ತಂದದ್ದು. ಮಗನಿಗೆ ಬಿಎಂಡಬ್ಲ್ಯು 3 ಸರಣಿಯ ಕಾರು ಕೊಳ್ಳುವ ಆಸೆ. ಐಷಾರಾಮಿ ಸ್ಪೋರ್ಟ್ಸ್ ಸೆಡಾನ್‌ಗಳ ಮೊದಲ ಮೆಟ್ಟಿಲೆಂದು ಹೆಸರಾದ ಈ ಕಾರಿನ ಹೊಸ ಪೀಳಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಿತ್ತು. ಎಂಜಿನ್‌ಗಳು ಎರಡು: 320ಡಿ ಎಂಬ ಡೀಸೆಲ್, 330ಐ ಎಂಬ ಪೆಟ್ರೋಲ್. ತಂದೆ ಮಕ್ಕಳ ನಡುವೆ ಜಗಳ ಹುಟ್ಟಿದ್ದು ಅಲ್ಲಿಯೇ.

"ಮೇಷ್ಟ್ರೇ, ಎಳೆತ ಅಂದ್ರೆ ಡೀಸೆಲ್ಲು. ಪೆಟ್ರೋಲು ಬರೀ ಕೂಗಾಟ. ಇವನಿಗೆ ನೀವಾದರೂ ಹೇಳಿ" ಎಂದರು ತಂದೆ.

ಮಗ ಮೆಲ್ಲನೆ, "ಅಪ್ಪನ ಕಾಲದ ಲೆಕ್ಕ ಈಗ ನಡೆಯಲ್ಲ ಸಾರ್. ಆದ್ರೆ ನನಗೂ ಒಂದು ಅರ್ಥ ಆಗಿಲ್ಲ. ಎರಡಕ್ಕೂ ಟಾರ್ಕ್ 400 ನ್ಯೂಟನ್-ಮೀಟರ್ ಅಂತಲೇ ಇದೆ. ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟೋಕೆ ಪೆಟ್ರೋಲಿಗೆ 5.8 ಸೆಕೆಂಡು, ಡೀಸೆಲಿಗೆ 6.8. ಬಲ ಒಂದೇ ಆದ್ಮೇಲೆ ಆ ಒಂದು ಸೆಕೆಂಡು ಎಲ್ಲಿ ಹೋಯ್ತು?" ಎಂದ.

ಇಂಥ ಪ್ರಶ್ನೆ ತರಗತಿಯಲ್ಲಿ ಬಂದಿದ್ದರೆ ಅಂದಿನ ಪಾಠವನ್ನೇ ಬದಿಗಿಡುತ್ತಿದ್ದೆ! ಕಾಗದ, ಪೆನ್ಸಿಲ್ ತಂದು ಇಬ್ಬರ ನಡುವೆ ಕುಳಿತೆ.

ಟಾರ್ಕ್ ಎಂದರೆ ತಿರುಗಿಸುವ ಬಲ. ಒಂದು ಮೀಟರ್ ಉದ್ದದ ಸನ್ನೆಗೋಲಿನ ತುದಿಗೆ ಸುಮಾರು 40 ಕಿಲೋಗ್ರಾಂ ಭಾರ ತೂಗುಹಾಕಿದರೆ ಉಂಟಾಗುವ ತಿರುಗುಬಲವೇ 400 ನ್ಯೂಟನ್-ಮೀಟರ್. ಆದರೆ ಅದು ಎಷ್ಟು ಬೇಗ ಬೇಗ ಕೆಲಸ ಮಾಡುತ್ತದೆ ಎಂಬುದನ್ನು ಟಾರ್ಕ್ ಹೇಳುವುದಿಲ್ಲ. ಅದನ್ನು ಹೇಳುವುದು ಸಾಮರ್ಥ್ಯ. ಎಂದರೆ ತಿರುಗುಬಲವನ್ನು ತಿರುಗುವ ವೇಗದಿಂದ ಗುಣಿಸಿದಾಗ ಬರುವ ಮೊತ್ತ.

ಡೀಸೆಲ್ ಎಂಜಿನ್ ತನ್ನ 400ನ್ನು ನಿಮಿಷಕ್ಕೆ 1,750 ಸುತ್ತುಗಳಿಂದ 2,500ರವರೆಗೆ ಕೊಡುತ್ತದೆ. ಪೆಟ್ರೋಲ್ ಎಂಜಿನ್ 1,550ರಿಂದ 4,400ರವರೆಗೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೆಕ್ಕ ಹಾಕಿದರೆ, 2,500 ಸುತ್ತಿನಲ್ಲಿ 400 ನ್ಯೂಟನ್-ಮೀಟರ್ ಎಂದರೆ ಸುಮಾರು 105 ಕಿಲೋವ್ಯಾಟ್; 4,400 ಸುತ್ತಿನಲ್ಲಿ ಅದೇ 400 ಎಂದರೆ ಸುಮಾರು 184 ಕಿಲೋವ್ಯಾಟ್. ಗರಿಷ್ಠ ಸಾಮರ್ಥ್ಯ ಡೀಸೆಲಿನದು 190 ಅಶ್ವಶಕ್ತಿ, ಪೆಟ್ರೋಲಿನದು 258. ಹೆಚ್ಚು ಸುತ್ತು ತಿರುಗಬಲ್ಲ ಎಂಜಿನ್ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಇರಬಲ್ಲದು. ಕೆಳಗಿನ ಗೇರು ಚಕ್ರಕ್ಕೆ ತಲುಪುವ ಬಲವನ್ನು ಹೆಚ್ಚಿಸುತ್ತದೆ. ಹುಡುಗ ಹುಡುಕುತ್ತಿದ್ದ ಒಂದು ಸೆಕೆಂಡು ಇದ್ದದ್ದು ಅಲ್ಲಿ.

"ಅಂದ್ರೆ ನಾನು ಹೇಳಿದ್ದು ಸುಳ್ಳಾ?" ಎಂದರು ತಂದೆ. ಅವರ ದನಿಯಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಾಗಿತ್ತು.

ಸುಳ್ಳಲ್ಲ. ಅವರು ಲಾರಿ ಓಡಿಸುತ್ತಿದ್ದ ಕಾಲದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಟರ್ಬೊ ಇರುತ್ತಿರಲಿಲ್ಲ. ಅವು ತಾವಾಗಿ ಎಳೆದುಕೊಂಡಷ್ಟೇ ಗಾಳಿಯಲ್ಲಿ ಉಸಿರಾಡುತ್ತಿದ್ದವು. ಏರಿನಲ್ಲಿ ಎಳೆಯಬೇಕಾದರೆ ಕೂಗಲೇಬೇಕಾಗಿತ್ತು. ಟರ್ಬೊ ಎಂಬುದು ಹೊರಹೋಗುವ ಬಿಸಿ ಹೊಗೆಯಿಂದ ತಿರುಗುವ ಗಾಳಿಪಂಪು. ಅದು ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬುವುದರಿಂದ ಕಡಿಮೆ ಸುತ್ತಿನಲ್ಲೇ ಎಳೆತ ದೊರೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತುಸು ತೆಳು. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಸೊರಗುತ್ತದೆ, ಇರುವ ಎಂಜಿನ್ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಇದಕ್ಕೆ 330ಐ ಎಂಬ ಹೆಸರೇ ಸಾಕ್ಷಿ. 2005ರ 330ಐ ಕಾರಿನಲ್ಲಿ ಇದ್ದದ್ದು ಟರ್ಬೊ ಇಲ್ಲದ, ಆರು ಸಿಲಿಂಡರಿನ ಮೂರು ಲೀಟರ್ ಎಂಜಿನ್: 258 ಅಶ್ವಶಕ್ತಿ, 300 ನ್ಯೂಟನ್-ಮೀಟರ್. 2019ರ 330ಐ ಕಾರಿನಲ್ಲಿ ಟರ್ಬೊ ಸಹಿತವಾದ, ನಾಲ್ಕು ಸಿಲಿಂಡರಿನ ಎರಡು ಲೀಟರ್ ಎಂಜಿನ್: ಅದೇ 258 ಅಶ್ವಶಕ್ತಿ, 400 ನ್ಯೂಟನ್-ಮೀಟರ್. ಒಂದು ಲೀಟರ್ ಹೋಯಿತು, ಎರಡು ಸಿಲಿಂಡರ್ ಹೋದವು, ಎಳೆತ ನೂರು ಹೆಚ್ಚಿತು. ಹೆಸರಿನಲ್ಲಿರುವ '30' ಈಗ ಮೂರು ಲೀಟರನ್ನು ಸೂಚಿಸುವುದಿಲ್ಲ. ಡೀಸೆಲಿನ ಗುಣವೆಂದು ಆ ಹಿರಿಯರು ನಂಬಿದ್ದನ್ನು ಪೆಟ್ರೋಲ್ ಎಂಜಿನ್ ಟರ್ಬೊ ಮೂಲಕ ಕಲಿತುಕೊಂಡಿದೆ, ಅಷ್ಟೆ.

ಹಾಗೆಂದು ಕಳೆದುಕೊಂಡದ್ದು ಏನೂ ಇಲ್ಲವೆನ್ನಲಾಗದು. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದಾಗ ಪಿಸ್ಟನ್‌ಗಳ ಏರಿಳಿತದ ಮುಖ್ಯ ಅದುರುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನಾಲ್ಕು ಸಿಲಿಂಡರಿನ ಸಾಲಿನಲ್ಲಿ ಕ್ರ್ಯಾಂಕಿನ ಎರಡರಷ್ಟು ವೇಗದ ಒಂದು ಅದುರು ಉಳಿಯುತ್ತದೆ. ಅದನ್ನು ತಣಿಸಲು ಪ್ರತ್ಯೇಕ ಸಮತೋಲನ ದಂಡಗಳು ಬೇಕು. ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಂತೆ ಒನಕೆ ಹಾಕುವುದನ್ನು ನೋಡಿದವರಿಗೆ ಇನ್ನೊಂದು ವಿಷಯವೂ ತಿಳಿದೀತು: ಪೆಟ್ಟುಗಳ ನಡುವಿನ ಬಿಡುವು ಕಿರಿದಾದಷ್ಟೂ ಓಟ ನುಣುಪು. ನಾಲ್ಕರಲ್ಲಿ ಅರ್ಧ ಸುತ್ತಿಗೊಂದು ಪೆಟ್ಟಾದರೆ, ಆರರಲ್ಲಿ ಮೂರನೆಯ ಒಂದು ಸುತ್ತಿಗೇ ಒಂದು. ಆ ಸುಖವೇ ಬೇಕೆನ್ನುವವರಿಗಾಗಿ 2021ರಲ್ಲಿ ಆರು ಸಿಲಿಂಡರಿನ ಎಂ340ಐ ಭಾರತಕ್ಕೆ ಬಂತು: 387 ಅಶ್ವಶಕ್ತಿ, ನೂರು ಮುಟ್ಟಲು 4.4 ಸೆಕೆಂಡು. ಬೆಲೆಯೂ ಅದಕ್ಕೆ ತಕ್ಕಂತೆ!

ಅಂದಿನ ಮಾತಿಗೆ ಮರಳುತ್ತೇನೆ. ಲೆಕ್ಕ ಮುಗಿದ ಮೇಲೆ ನಾನು ಹುಡುಗನಿಗೆ ಕೇಳಿದ್ದು ಒಂದೇ: "ದಿನಕ್ಕೆ ಎಷ್ಟು ದೂರ ಓಡಿಸ್ತೀಯಪ್ಪಾ?"

ಆಫೀಸು ಆರು ಕಿಲೋಮೀಟರ್. ಊರಿಗೆ ತಿಂಗಳಿಗೊಮ್ಮೆ ಎಂದ. ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಶೋಧಕವೊಂದಿರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ ತಡೆಯಿಲ್ಲದ ದೂರದ ಓಟ ಬೇಕು. ದಿನವೂ ಆರು ಕಿಲೋಮೀಟರ್ ತೆವಳುವ ಕಾರಿನಲ್ಲಿ ಮಸಿ ಕಟ್ಟಿಕೊಳ್ಳುವ ಸಂಭವ ಹೆಚ್ಚು. ವಾರಕ್ಕೆರಡು ಬಾರಿ ಹೆದ್ದಾರಿ ಕಾಣುವವನಾಗಿದ್ದರೆ ಡೀಸೆಲನ್ನೇ ತೆಗೆದುಕೋ ಎನ್ನುತ್ತಿದ್ದೆ. ಕಡಿಮೆ ಇಂಧನದಲ್ಲಿ ದೂರ ಹೋಗುವ ಅದರ ಗುಣವನ್ನು ಟರ್ಬೊ ಪೆಟ್ರೋಲ್ ಇನ್ನೂ ಕಸಿದುಕೊಂಡಿಲ್ಲ.

ಇದನ್ನು ಮೊದಲು ಗ್ರಹಿಸಿದವರು ತಂದೆಯೇ. "ಹೌದು ಮೇಷ್ಟ್ರೇ, ಊರೊಳಗೇ ಸುತ್ತುವ ಗಾಡಿಗೂ ಘಾಟಿ ಹತ್ತುವ ಗಾಡಿಗೂ ರೋಗ ಬೇರೆ ಬೇರೆ" ಎಂದರು. ಆಮೇಲೆ ಮಗನಿಗೆ, ಘಾಟಿಯಲ್ಲಿ ಎಂಜಿನ್ ಸೋಲುವ ಮುನ್ನವೇ ಗೇರು ಇಳಿಸಬೇಕಾದ ಗಳಿಗೆಯನ್ನು ಕಿವಿಯಿಂದಲೇ ತಿಳಿಯುವುದು ಹೇಗೆಂದು ವಿವರಿಸಿದರು. ನಾನು ಕಾಗದದ ಮೇಲೆ ಎಳೆದಿದ್ದ ಟಾರ್ಕಿನ ರೇಖೆ ಇಳಿಯತೊಡಗುವ ಜಾಗವನ್ನೇ ಅವರು ಹೇಳುತ್ತಿದ್ದರು! ಅದನ್ನು ಬೆರಳಿಟ್ಟು ತೋರಿಸಿದೆ. ಮಗ ತಂದೆಯ ಮುಖವನ್ನು ಬಹಳ ಹೊತ್ತು ನೋಡಿದ. ಮುಂದಿನ ತಿಂಗಳು ಪೆಟ್ರೋಲ್ ಕಾರು ಬಂತು; ಒಪ್ಪಿಗೆ ಕೊಟ್ಟವರು ತಂದೆ.

ಇಂಥ ಕಾರು ಕೊಳ್ಳುವ ಯುವಕರು ಈಗಲೂ ನನ್ನನ್ನು ಕೇಳುವುದುಂಟು. ನಾನು ಹೇಳುವುದಿಷ್ಟೆ: ಗರಿಷ್ಠ ಅಂಕಿಯನ್ನು ಮಾತ್ರ ನೋಡಬೇಡಿ, ಅದು ಯಾವ ಸುತ್ತಿನಿಂದ ಯಾವ ಸುತ್ತಿನವರೆಗೆ ಸಿಗುತ್ತದೆ ಎಂದು ನೋಡಿ. ಬಳಿಕ ನೀವು ದಿನವೂ ಓಡಿಸುವ ರಸ್ತೆಯನ್ನು ನೋಡಿ. ಜೊತೆಗೆ ಇನ್ನೊಂದು ಸೂತ್ರವನ್ನೂ ಮರೆಯಬೇಡಿ. ನೂರರಿಂದ ನೂರಿಪ್ಪತ್ತಕ್ಕೆ ಏರಿದಾಗ ವೇಗ ಹೆಚ್ಚುವುದು ಶೇ. 20, ಬ್ರೇಕು ಕರಗಿಸಬೇಕಾದ ಚಲನಶಕ್ತಿ ಹೆಚ್ಚುವುದು ಶೇ. 44. ಎಂಜಿನ್ ಯಾವುದೇ ಆಗಲಿ, ಈ ಲೆಕ್ಕ ಎಲ್ಲ ಕಾರುಗಳಿಗೂ ಒಂದೇ.