ಆನೆ ಲದ್ದಿಯ ಮುಂದೊಂದು ತರಗತಿ

ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಸುಖ ಹುಲಿ ತೋರಿಸುವುದರಲ್ಲಿಲ್ಲ. ಹುಲಿ ಕಂಡರೆ ಪಾಠ ಕೆಟ್ಟಿತೆಂದೇ ಲೆಕ್ಕ. ಊರು ಮುಟ್ಟುವವರೆಗೂ ಅದೊಂದೇ ಮಾತು. ಏನೂ ಕಾಣದ ದಿನವೇ ಒಳ್ಳೆಯದು. ಆನೆ ಲದ್ದಿಯ ಸುತ್ತ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಕೆದಕಿದರೆ ಬಿದಿರಿನ ನಾರು, ಮೊಳೆಯಲು ಕಾದಿರುವ ಬೀಜ, ಸಗಣಿಹುಳು ಒಂದೊಂದಾಗಿ ಹೊರಬರುತ್ತವೆ. ಆನೆ ತಿಂದದ್ದರಲ್ಲಿ ಅರ್ಧದಷ್ಟನ್ನೂ ಅರಗಿಸಿಕೊಳ್ಳುವುದಿಲ್ಲ. ಉಳಿದದ್ದು ಮೈಲಿ ದೂರದಲ್ಲಿ ಗೊಬ್ಬರದ ಸಮೇತ ಬಿತ್ತನೆಯಾಗುತ್ತದೆ. ಮೂಗು ಮುಚ್ಚಿಕೊಂಡವರೇ ಆಮೇಲೆ ಕಡ್ಡಿಗಾಗಿ ಕಿತ್ತಾಡುವುದು. ‘ಕಾಡು ಉಳಿಸಿ’ ಎಂದು ಗೋಡೆಯ ಮೇಲೆ ಬರೆದರೆ ಈ ಕುತೂಹಲ ಹುಟ್ಟದು. 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದಿತು. ಪರಿಸರ ಪಠ್ಯಪುಸ್ತಕ ಹೊಕ್ಕಿತು. ಹೊಕ್ಕು, ಬಹುಮಟ್ಟಿಗೆ ಅಲ್ಲೇ ಕುಳಿತುಬಿಟ್ಟಿತು. ಕಳ್ಳಬೇಟೆಗಾರರನ್ನು ಎದುರಿಸಿ ನಾಗರಹೊಳೆಯನ್ನು ಕಾಯ್ದ ರೇಂಜರ್ ಕೆ.ಎಂ. ಚಿಣ್ಣಪ್ಪನವರು ಕೆಲಸ ಬಿಟ್ಟ ಮೇಲೆ ಹಿಡಿದ ದಾರಿ ಬೇರೆ: ಕಾಡಂಚಿನ ಶಾಲೆಗಳ ಮಕ್ಕಳನ್ನು ಕಾಡಿಗೇ ಕರೆದೊಯ್ದರು. ಕಾವಲಿನ ಮಿತಿಯನ್ನು ಕಾವಲುಗಾರನಷ್ಟು ಬಲ್ಲವರು ಯಾರು?

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ರಾಗಿ, ಮುಸುಕಿನ ಜೋಳ ಕಾಯುವ ಮನೆಯ ಮಗುವಿಗೆ ಆನೆಯನ್ನು ಪ್ರೀತಿಸು ಎನ್ನಲು ಯಾವ ಬಾಯಿ? ಹಾಗೆ ಹೇಳಲೇಬಾರದು. ಪ್ರೀತಿ ಪೇಟೆಯವರ ಬೇಡಿಕೆ. ಈ ಮಗುವಿಗೆ ಬೇಕಿರುವುದು ತಿಳಿವಳಿಕೆ: ಆನೆ ಯಾವ ಹಾದಿಯಲ್ಲಿ ಬರುತ್ತದೆ, ತೆನೆ ಕಟ್ಟುವ ಹೊತ್ತಿಗೇ ಏಕೆ ಬರುತ್ತದೆ, ಎದುರಾದರೆ ಏನು ಮಾಡಬಾರದು. ಭಯ ಹೋಗಬೇಕಿಲ್ಲ, ಅದಕ್ಕೆ ಕಣ್ಣು ಬಂದರೆ ಸಾಕು. ಇನ್ನು ಜೇನುಕುರುಬರ ಮಕ್ಕಳಿಗೆ ಕಾಡಿನ ಪಾಠ ಹೇಳಹೊರಡುವುದು ತುಸು ನಗೆಪಾಟಲೇ. ಅಲ್ಲಿ ಅವರ ಅಜ್ಜ ಮೇಷ್ಟ್ರು, ಮೇಷ್ಟ್ರು ವಿದ್ಯಾರ್ಥಿ.

ಕೆ.ಆರ್. ನಗರದಲ್ಲಿ ಕಾಡೆಲ್ಲಿದೆ, ಬರೀ ಭತ್ತದ ಗದ್ದೆಯಲ್ಲವೇ ಎನ್ನುವವರುಂಟು. ಚುಂಚನಕಟ್ಟೆಯ ಕಾವೇರಿ ಇದೆಯಲ್ಲ! ಮಳೆ ನಿಂತು ತಿಂಗಳಾದರೂ ಹೊಳೆಯಲ್ಲಿ ನೀರು ಹರಿಯುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಬಾಲ ಹಿಡಿದು ಮೇಲಕ್ಕೆ ಹೋದರೆ ಕೊಡಗಿನ ಕಾಡು ಸಿಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಮಕ್ಕಳಿಗಂತೂ ಎಷ್ಟೋ ಸಲ ಬಸ್ಸೂ ಬೇಡ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಊರಲ್ಲೇ ಇದೆ. ಒಂದು ಬ್ಯಾರನ್ ಸೊಪ್ಪಿಗೆ ಎಷ್ಟು ಸೌದೆ, ಯಾವ ಮರದ್ದು, ಎಲ್ಲಿಂದ ಬಂತು ಎಂದು ಅಪ್ಪನನ್ನೇ ಕೇಳಿ ಬರೆದು ತರಲಿ. ಅಪ್ಪ ಸಿಡುಕಬಹುದು; ಸಾಲ ತೀರಿಸಿ, ಶಾಲೆಯ ಫೀಸು ಕಟ್ಟುವುದೂ ಅದೇ ಸೊಪ್ಪು. ಆ ಲೆಕ್ಕವನ್ನೂ ಸೌದೆಯ ಲೆಕ್ಕದ ಪಕ್ಕದಲ್ಲೇ ಬರೆಸಬೇಕು.