ಬಾಯಿಮಾತಿನ ಕಟ್ಟಡ

ಬೆಂಗಳೂರಿನ ವಿಧಾನಸೌಧದ ಮುಂದೆ ಹಾದುಹೋಗುವವರಿಗೆ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ವಾಕ್ಯವು ಕಾಣದಿರದು. ಅದನ್ನು ಓದಿ ನೌಕರನು ತನ್ನ ಹೊಣೆಯನ್ನು ನೆನೆಯಬಹುದು; ಅರ್ಜಿದಾರನು ಒಂದು ನಿಟ್ಟುಸಿರು ಬಿಡಬಹುದು. ಆದರೆ ಆ ವಾಕ್ಯದ ಒಳತಿರುಳನ್ನು ಅನುಭವದಿಂದ ಬಲ್ಲವನು ಸರ್ಕಾರಿ ಗುತ್ತಿಗೆದಾರನೊಬ್ಬನೇ. ಪುರಾಣದ ದೇವರು ಬಾಯಿಮಾತಿನಲ್ಲಿ ಕೊಟ್ಟ ವರಕ್ಕೂ ಕಟ್ಟುಬೀಳುತ್ತಿದ್ದನು. ಭಸ್ಮಾಸುರನಿಗೆ ಕೊಟ್ಟ ವರವನ್ನು ಹಿಂದಕ್ಕೆ ಪಡೆಯಲಾರದೆ ಪರಶಿವನೇ ಓಡಬೇಕಾಯಿತು. ಈ ದೇವರು ಹಾಗಲ್ಲ. ಇವನ ವರವು ಬರಹದಲ್ಲಿರಬೇಕು. ಬರಹದ ಕೆಳಗೆ ರುಜುವಿರಬೇಕು. ರುಜು ಹಾಕಿದವನಿಗೆ ಹಾಗೆ ಹಾಕುವ ಅಧಿಕಾರವಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವರವು ವರವಲ್ಲ.

ಗುತ್ತಿಗೆದಾರನೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ದೊಡ್ಡ ಕಾರು, ಬೆರಳಿನ ಉಂಗುರ, ಮಂತ್ರಿಗಳ ಮನೆಯ ಬಳಕೆ. ಅಂಥವರೂ ಇರಬಹುದು. ಆದರೆ ಪ್ರತಿಯೊಂದು ಊರಿನಲ್ಲಿಯೂ ಇನ್ನೊಂದು ಬಗೆಯ ಗುತ್ತಿಗೆದಾರರಿದ್ದಾರೆ. ಶಾಲೆಗೊಂದು ಕೊಠಡಿ, ಆಸ್ಪತ್ರೆಗೊಂದು ಕಾಂಪೌಂಡು, ಹಳ್ಳಿಗೊಂದು ಮೋರಿ, ಇಷ್ಟೇ ಅವರ ಸಾಮ್ರಾಜ್ಯ. ಟೆಂಡರಿನ ಜೊತೆಗೆ ಇಡಬೇಕಾದ ಠೇವಣಿಗಾಗಿ ಗೃಹಿಣಿಯ ಬಳೆಗಳು ಬ್ಯಾಂಕಿಗೆ ಹೋಗಿರುತ್ತವೆ. ಸಿಮೆಂಟಿನ ಅಂಗಡಿಯವನು ಸಾಲದ ಲೆಕ್ಕ ಬರೆದಿಟ್ಟಿರುತ್ತಾನೆ. ಬಿಲ್ಲು ಯಾವಾಗ ಬಂದರೂ ಬರಲಿ, ಶನಿವಾರದ ಬಟವಾಡೆ ಮಾತ್ರ ನಿಲ್ಲುವಂತಿಲ್ಲ. ಕೂಲಿಯವರ ಮನೆಯ ಒಲೆ ಸರ್ಕಾರದ ಮಂಜೂರಾತಿಗಾಗಿ ಕಾಯುವುದಿಲ್ಲ.

ಇಂಥ ಗುತ್ತಿಗೆದಾರರೊಬ್ಬರು ಒಪ್ಪಿದ ಗೋಡೆಯನ್ನು ಕಟ್ಟಿ ಮುಗಿಸುತ್ತಿರುವಾಗ ಇಂಜಿನಿಯರು ಬರುತ್ತಾರೆನ್ನೋಣ. ಗೋಡೆಯನ್ನು ನೋಡಿ ಮೆಚ್ಚುತ್ತಾರೆ. ಹೊರಡುವ ಮುನ್ನ ಒಂದು ಮಾತು:

"ರಾಯರೇ, ಆ ಪಕ್ಕದ ಚರಂಡಿಯನ್ನೂ ಇದರ ಜೊತೆಗೇ ಮುಗಿಸಿಬಿಡಿ. ಮುಂದಿನ ವಾರ ಮಂತ್ರಿಗಳು ಬರುವವರಿದ್ದಾರೆ. ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ."

"ಆಗಲಿ ಸಾರ್" ಎನ್ನದೆ ಬೇರೆ ಗತಿಯಿಲ್ಲ. ಹೇಳಿದವರು ಒಳ್ಳೆಯವರು; ನಾಳೆ ಅಳತೆ ಪುಸ್ತಕದಲ್ಲಿ ಬರೆಯಬೇಕಾದವರೂ ಅವರೇ. ಚರಂಡಿ ಮುಗಿಯುತ್ತದೆ. ಮಂತ್ರಿಗಳು ಬಂದು ಹೋಗುತ್ತಾರೆ. ಇಂಜಿನಿಯರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಹೊಸದಾಗಿ ಬಂದವರು ಕಡತವನ್ನು ಮಗುಚಿ ನೋಡಿ, ಯಾವ ದ್ವೇಷವೂ ಇಲ್ಲದೆ ಕೇಳುತ್ತಾರೆ: "ಇದಕ್ಕೆ ಆದೇಶ ಎಲ್ಲಿದೆ?"

ಅಂದು ಸಂಜೆ ಮನೆಯಲ್ಲಿ ಕಾಫಿಯ ಲೋಟ ಆರುತ್ತಿರುವಾಗ ಗೃಹಿಣಿ ಕೇಳುತ್ತಾಳೆ: "ಅವರೇ ಹೇಳಿದ್ದರಲ್ಲವೇ?"

"ಹೇಳಿದ್ದರು. ಬರೆದುಕೊಟ್ಟಿರಲಿಲ್ಲ."

ಹೆಣ್ಣುಮಕ್ಕಳ ಮದುವೆಯನ್ನೇ ಮಾತಿನ ಮೇಲೆ ನಿಶ್ಚಯಿಸುವ ಸಮಾಜದಲ್ಲಿ ಹುಟ್ಟಿ ಬೆಳೆದವಳಿಗೆ ಈ ಉತ್ತರ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಮಾತಿಗೆ ತಪ್ಪಬಾರದೆಂದು ರಾಜ್ಯವನ್ನೇ ಬಿಟ್ಟುಹೋದ ಹರಿಶ್ಚಂದ್ರನ ಕಥೆಯನ್ನು ಮಕ್ಕಳಿಗೆ ಹೇಳುವವಳು ಅವಳು. ಹಾಗಾದರೆ ರಾಜ್ಯವೇ ಮಾತಿಗೆ ತಪ್ಪಬಹುದೇ?

ಕಾನೂನಿನ ಉತ್ತರ ಹೀಗಿದೆ: ರಾಜ್ಯವು ಮಾತನ್ನೇ ಕೊಟ್ಟಿಲ್ಲ. ಭಾರತ ಸಂವಿಧಾನದ 299ನೆಯ ಅನುಚ್ಛೇದದ ಪ್ರಕಾರ ಸರ್ಕಾರದ ಪರವಾಗಿ ಆಗುವ ಕರಾರು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಹೆಸರಿನಲ್ಲಿರಬೇಕು. ಅಧಿಕಾರ ಪಡೆದವರು ಅವರ ಪರವಾಗಿ ಅದನ್ನು ಬರೆದುಕೊಡಬೇಕು. ಹಾಗೆಂದು ಚರಂಡಿಯ ಹಣಕ್ಕಾಗಿ ಯಾರೂ ರಾಜಭವನದ ಬಾಗಿಲು ತಟ್ಟುವಂತಿಲ್ಲ; ರಾಜ್ಯಪಾಲರು ಇಂಥ ಕರಾರುಗಳಿಗೆ ಸ್ವಂತಕ್ಕೆ ಹೊಣೆಯಲ್ಲವೆಂದು ಅದೇ ಅನುಚ್ಛೇದ ಹೇಳುತ್ತದೆ. ಹೆಸರು ಮಾತ್ರ ಅವರದು, ಹಣ ಜನರದು.

ಜನರ ಹಣವೆಂಬ ಆ ಒಂದು ಮಾತಿನಲ್ಲಿಯೇ ಈ ಬಿಗಿಯ ಕಾರಣವೂ ಇದೆ. ಸರ್ಕಾರದ ಕಛೇರಿಗಳು ಲೆಕ್ಕವಿಲ್ಲದಷ್ಟು. ಪ್ರತಿಯೊಂದು ಕಛೇರಿಯ ಪ್ರತಿಯೊಬ್ಬ ಅಧಿಕಾರಿಯೂ ಬಾಯಿಮಾತಿನಿಂದಲೇ ಬೊಕ್ಕಸವನ್ನು ಕಟ್ಟಿಹಾಕಬಹುದೆಂದಾದರೆ ಬೊಕ್ಕಸ ಉಳಿಯುವುದೆಂತು? ಬೇಕಾದವನೊಬ್ಬನಿಗೆ ಗುಟ್ಟಾಗಿ ಕೆಲಸ ಕೊಟ್ಟು, ಆಮೇಲೆ "ಹೇಳಿದ್ದೆ" ಎಂದರೆ ಸಾಕಾಗಿಬಿಡುತ್ತದೆ. ಕಳ್ಳನಿಗಾಗಿ ಹಾಕಿದ ಬೀಗವು ಮನೆಯ ಯಜಮಾನನನ್ನೂ ಕೆಲವೊಮ್ಮೆ ಹೊರಗೆ ನಿಲ್ಲಿಸುತ್ತದೆ; ಅದಕ್ಕಾಗಿ ಬೀಗವೇ ಬೇಡವೆನ್ನಲಾಗದು. ಹೊರಗೆ ನಿಂತ ಯಜಮಾನನ ಪಾಡೇನು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಕೊಂಡೊಯ್ದ ಒಂದು ಪ್ರಕರಣವುಂಟು. ಅದು ನಡೆದದ್ದು ಬಂಗಾಳದಲ್ಲಿ. 1943ರ ಮಹಾಕ್ಷಾಮದ ಮರುವರ್ಷ, ಅಂದರೆ 1944ರಲ್ಲಿ, ನಾಗರಿಕ ಸರಬರಾಜು ಇಲಾಖೆಗೆ ಹೂಗ್ಲಿ ಜಿಲ್ಲೆಯಲ್ಲಿ ಉಗ್ರಾಣಗಳು ಬೇಕಾಗಿದ್ದವು. ಬಿ. ಕೆ. ಮಂಡಲ್ ಅಂಡ್ ಸನ್ಸ್ ಎಂಬ ಸಂಸ್ಥೆ ಅಧಿಕಾರಿಗಳ ಕೋರಿಕೆಯಂತೆ ಆರಾಮ್‌ಬಾಗ್‌ನಲ್ಲಿ ಕಚ್ಚಾ ರಸ್ತೆ, ಕಾವಲುಕೋಣೆ, ಅಡಿಗೆಮನೆ, ಗುಮಾಸ್ತರ ಕೊಠಡಿ ಮೊದಲಾದವನ್ನೂ, ಖಾನಾಕುಲ್‌ನಲ್ಲಿ ಉಗ್ರಾಣದ ಕೊಟ್ಟಿಗೆಗಳನ್ನೂ ಕಟ್ಟಿಕೊಟ್ಟಿತು. ಇಲಾಖೆಯು ಅವುಗಳನ್ನು ಒಪ್ಪಿ ಬಳಸಿಕೊಂಡಿತು. ಹಣದ ಮಾತು ಬಂದಾಗ, ಕೆಲಸ ಮಾಡಲು ಹೇಳಿದವರಿಗೆ ಹಾಗೆ ಹೇಳುವ ಅಧಿಕಾರವಿರಲಿಲ್ಲವೆಂದೂ, ಆಗ ಜಾರಿಯಲ್ಲಿದ್ದ 1935ರ ಭಾರತ ಸರ್ಕಾರ ಕಾಯಿದೆಯ 175ನೆಯ ಸೆಕ್ಷನ್ನಿನಂತೆ ಕರಾರೇ ಆಗಿಲ್ಲವೆಂದೂ ಸರ್ಕಾರ ವಾದಿಸಿತು. ಸಂಸ್ಥೆಯು 19,325 ರೂಪಾಯಿಗಳಿಗಾಗಿ ದಾವೆ ಹೂಡಿತು.

ಕಲ್ಕತ್ತಾ ಹೈಕೋರ್ಟು ಸಂಸ್ಥೆಯ ಕಡೆಗೆ ತೀರ್ಪಿತ್ತಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. 1961ರ ಡಿಸೆಂಬರಿನಲ್ಲಿ ಅಲ್ಲಿ ತೀರ್ಪಾಯಿತು. ಪ್ರಧಾನ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು, ಗಜೇಂದ್ರಗಡದ ಹೆಸರನ್ನು ಮನೆತನದಲ್ಲಿ ಹೊತ್ತವರು, ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದವರು. ಕರಾರು ಕಾನೂನಿನ ರೀತಿಯಲ್ಲಿ ಆಗಿಲ್ಲವೆಂಬ ಸರ್ಕಾರದ ಮಾತು ಸರಿಯೆಂದೇ ಅವರು ಹೇಳಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1872ರ ಕರಾರು ಕಾಯಿದೆಯ 70ನೆಯ ಸೆಕ್ಷನ್ನಿನತ್ತ ತಿರುಗಿದರು.

ಆ ಸೆಕ್ಷನ್ನಿನ ಸಾರವನ್ನು ಯಾವ ಮನೆಯ ಅಜ್ಜಿಯೂ ಒಪ್ಪಿಯಾಳು. ಒಬ್ಬನು ನ್ಯಾಯವಾದ ರೀತಿಯಲ್ಲಿ ಇನ್ನೊಬ್ಬನಿಗೆ ಏನನ್ನಾದರೂ ಮಾಡಿಕೊಟ್ಟರೆ ಅಥವಾ ಒದಗಿಸಿದರೆ, ಅದನ್ನು ಪುಕ್ಕಟೆಯಾಗಿ ಮಾಡುವ ಉದ್ದೇಶ ಅವನಿಗಿಲ್ಲದಿದ್ದರೆ, ಇನ್ನೊಬ್ಬನು ಅದರ ಪ್ರಯೋಜನವನ್ನು ಪಡೆದಿದ್ದರೆ, ಅದಕ್ಕೆ ತಕ್ಕ ಪರಿಹಾರ ಕೊಡಬೇಕು, ಇಲ್ಲವೇ ವಸ್ತುವನ್ನು ಹಿಂದಿರುಗಿಸಬೇಕು. ಬೇಡವೆನ್ನುವ ಸ್ವಾತಂತ್ರ್ಯ ಸರ್ಕಾರಕ್ಕಿತ್ತು, ಬೇಡವೆನ್ನಲಿಲ್ಲ. ಉಗ್ರಾಣದಲ್ಲಿ ಸರಕು ತುಂಬಿ, ಕಟ್ಟಿದವನಿಗೆ ಕಾಸು ಕೊಡೆನೆನ್ನುವುದು ನ್ಯಾಯವಲ್ಲ. ಕರಾರಿನಿಂದ ಹುಟ್ಟದ ಋಣವು ಉಂಡದ್ದರಿಂದ ಹುಟ್ಟುತ್ತದೆ. ಮೇಲ್ಮನವಿ ವಜಾ ಆಯಿತು.

ತೀರ್ಪು ಸಮಾಧಾನಕರವಾದುದು. ಆದರೆ 1944ಕ್ಕೂ 1961ಕ್ಕೂ ನಡುವೆ ಹದಿನೇಳು ವರ್ಷಗಳು ಕಳೆದಿದ್ದುವೆಂಬುದನ್ನು ಮರೆಯುವಂತಿಲ್ಲ. ಆ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ಹೈಸ್ಕೂಲು ಮುಗಿಸಿರಬೇಕು. ದೊಡ್ಡ ಸಂಸ್ಥೆ ತಾಳಿಕೊಂಡೀತು. ಬಳೆ ಅಡವಿಟ್ಟ ಮನೆ ತಾಳೀತೇ?

ಮೇಲಾಗಿ 70ನೆಯ ಸೆಕ್ಷನ್ನು ಕಲ್ಪವೃಕ್ಷವೇನೂ ಅಲ್ಲ. ಅದು ಕೊಡುವುದು ಮಾಡಿದ ಕೆಲಸದ ಯೋಗ್ಯ ಬೆಲೆಯನ್ನೇ ಹೊರತು, ಬಾಯಿಮಾತಿನಲ್ಲಿ ಒಪ್ಪಿದ ದರವನ್ನಾಗಲಿ ಆಸೆಪಟ್ಟ ಲಾಭವನ್ನಾಗಲಿ ಅಲ್ಲ. ಪ್ರಯೋಜನ ಸರ್ಕಾರಕ್ಕೆ ಸಂದಿದೆಯೆಂದು ಸಾಬೀತುಮಾಡುವ ಹೊರೆ ಕೇಳುವವನದೇ. ಸಂವಿಧಾನದ ನಿಯಮವು ಕಡ್ಡಾಯವೆಂದೂ, ಅದನ್ನು ಮೀರಿದ ಕರಾರನ್ನು ಆಮೇಲಿನ ಒಪ್ಪಿಗೆಯಿಂದ ಸರಿಪಡಿಸಲಾಗದೆಂದೂ 1968ರಲ್ಲಿ ಮುಲಮ್‌ಚಂದ್ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟಪಡಿಸಿತು. ಕಾಲದ ಮಿತಿಯೂ ಉಂಟು: ಮಾಡಿದ ಕೆಲಸದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು, ಸರ್ಕಾರದ ಮೇಲೆ ದಾವೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸನ್ನೂ ಕೊಡಬೇಕು. "ಸಾಹೇಬರು ಮುಂದಿನ ತಿಂಗಳು ಮಾಡಿಕೊಡುತ್ತಾರಂತೆ" ಎಂದು ನಂಬಿ ಕುಳಿತವನಿಗೆ ಮೂರು ವರ್ಷಗಳು ಜಾರಿಹೋಗುವುದು ತಿಳಿಯುವುದೇ ಇಲ್ಲ.

ಕರ್ನಾಟಕದಲ್ಲಿ ಈ ಬೀಗಕ್ಕೆ ಇನ್ನೊಂದು ಚಿಲಕವೂ ಸೇರಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯನ್ನು ತರಲು 1999ರ ಅಧಿನಿಯಮವೊಂದಿದೆ. ಅದು ವಿನಾಯಿತಿ ಕೊಟ್ಟ ಸಂದರ್ಭಗಳನ್ನುಳಿದು, ಬಹಿರಂಗವಾಗಿ ಟೆಂಡರು ಕರೆಯದೆ ಸರ್ಕಾರದ ಕೆಲಸವನ್ನು ಕೊಡುವಂತಿಲ್ಲ. ತೀರ್ಮಾನದಿಂದ ನೊಂದ ಟೆಂಡರುದಾರನಿಗೆ ಮೇಲ್ಮನವಿಯ ಹಕ್ಕನ್ನೂ ಅದು ಕೊಟ್ಟಿದೆ. ಹಕ್ಕು ಒಳ್ಳೆಯದೇ. ಆದರೆ ಟೆಂಡರಿಲ್ಲದೆ, ಆದೇಶವಿಲ್ಲದೆ, ಬರಿಯ ವಿಶ್ವಾಸದ ಮೇಲೆ ಚರಂಡಿ ಕಟ್ಟಿದವನ ಕಾಲ ಕೆಳಗಿನ ನೆಲ ಇದರಿಂದ ಇನ್ನಷ್ಟು ಸಡಿಲವಾಗುತ್ತದೆ. ಆ ಕೆಲಸವನ್ನು ಮಾಡಿದ್ದೇ ನ್ಯಾಯವಾದ ರೀತಿಯಲ್ಲಿ ಅಲ್ಲವೆಂದು ಎದುರುಪಕ್ಷದವರು ವಾದಿಸಬಹುದು.

ಹಾಗಿದ್ದರೂ ಗುತ್ತಿಗೆದಾರನು "ಬರೆದುಕೊಡಿ ಸಾರ್" ಎನ್ನಲು ಏಕೆ ಹಿಂಜರಿಯುತ್ತಾನೆ? ಅಜ್ಞಾನದಿಂದಲ್ಲ, ಸಂಕೋಚದಿಂದ. ಬರಹ ಕೇಳಿದರೆ ನಂಬಿಕೆಯಿಲ್ಲವೆಂದಂತಾಗುವುದೆಂಬ ಸಂಕೋಚ. ಅದರ ಹಿಂದೆ, ಮುಂದಿನ ಕೆಲಸವೂ ಅದೇ ಕಛೇರಿಯಿಂದ ಬರಬೇಕೆಂಬ ಭಯ. ಈ ಸಂಕೋಚದ ಬೆಲೆಯನ್ನು ತೆರುವವರು ಮಾತ್ರ ಕಛೇರಿಯ ಕಡೆ ಎಂದೂ ತಲೆಹಾಕದವರು: ಮುಂದೂಡಿದ ಮದುವೆಯ ಮಗಳು, ಕಾಲೇಜಿನ ಫೀಜಿಗೆ ಕಾಯುವ ಮಗ, ಬರಿಗೈಯ ತಾಯಿ.

ಅದೇ ತಾಯಿಯ ಅಡಿಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರು ತೂಗುತ್ತದೆ. ದಿನದಿನವೂ ಎಷ್ಟು ಹಾಲು ಬಂದಿತೆಂಬುದನ್ನು ಅದರಲ್ಲಿ ಗುರುತು ಹಾಕಿರುತ್ತಾಳೆ. ಹಾಲಿನವನು ಹತ್ತು ವರ್ಷಗಳ ಪರಿಚಯದವನು. ಅವನಿಗೆ ಅದರಿಂದ ಎಂದೂ ಬೇಸರವಾಗಿಲ್ಲ. ತಿಂಗಳ ಕೊನೆಗೆ ಇಬ್ಬರೂ ನಿಂತು ಲೆಕ್ಕ ನೋಡಿ, ನಗುತ್ತಲೇ ಹಣ ಕೊಟ್ಟು ತೆಗೆದುಕೊಳ್ಳುತ್ತಾರೆ. ಬರೆದಿಟ್ಟ ಲೆಕ್ಕವು ನಂಬಿಕೆಗೆ ಶತ್ರುವಲ್ಲ, ನಂಬಿಕೆಯ ಕಾವಲುಗಾರ ಎಂಬುದನ್ನು ಅವಳು ಯಾವ ಕಾಯಿದೆಯನ್ನೂ ಓದದೆ ಕಂಡುಕೊಂಡಿದ್ದಾಳೆ.

ಮರುದಿನ ಬೆಳಿಗ್ಗೆ ಯಜಮಾನರು ಇನ್ನೊಂದು ಕೆಲಸದ ಜಾಗಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಅವಳ ದನಿ ಕೇಳಿಸುತ್ತದೆ:

"ಅವರು ಏನೇ ಹೇಳಲಿ, ಒಂದು ಚೀಟಿಯಲ್ಲಾದರೂ ಬರೆಸಿಕೊಂಡು ಬನ್ನಿ ಅಂದ್ರೆ."

ಚೀಟಿಯೊಂದರಿಂದಲೇ ಕರಾರಾಗದು, ಅಧಿಕಾರವುಳ್ಳವರ ಆದೇಶವೇ ಬೇಕು. ಆದರೂ ಚೀಟಿ ಕೇಳುವ ಬಾಯಿ ಒಮ್ಮೆ ತೆರೆದರೆ, ಆದೇಶ ಕೇಳುವ ಧೈರ್ಯ ತಾನಾಗಿ ಬರುತ್ತದೆ.